ಸಾಕ್ಷಿಯ ಮುಖ ನೋಡುವ ಕೋರ್ಟು

‘ಕೆಳಗಿನ ಕೋರ್ಟಲ್ಲಿ ಹೋದ್ರೆ ಹೋಯ್ತು ಬಿಡ್ರಿ, ಹೈಕೋರ್ಟಿಗೆ ಹಾಕೋಣ.’ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ದಾವೆಯ ಮಾತು ಬಂದಾಗೆಲ್ಲ ಕಿವಿಗೆ ಬೀಳುವ ಸಮಾಧಾನವಿದು. ಸೋತವರಿಗೆ ಧೈರ್ಯ ಬೇಕು, ನಿಜ. ಆದರೆ ಆ ‘ಕೆಳಗಿನ’ ಎಂಬ ಪದ ನನಗೆ ಒಪ್ಪಿಗೆಯಾಗುವುದಿಲ್ಲ. ಕಾನೂನಿನ ಇಂಗ್ಲಿಷಿನಲ್ಲಿ ಅದು ‘ಲೋಯರ್’, ಇಲ್ಲವೇ ‘ಸಬಾರ್ಡಿನೇಟ್’. ಸಂವಿಧಾನದಲ್ಲೂ 233ರಿಂದ 237ನೇ ವಿಧಿಗಳಿರುವ ಅಧ್ಯಾಯಕ್ಕೆ ‘ಸಬಾರ್ಡಿನೇಟ್ ಕೋರ್ಟ್ಸ್’, ಅಂದರೆ ಅಧೀನ ನ್ಯಾಯಾಲಯಗಳು ಎಂದೇ ಹೆಸರು.

ಅಧೀನ ಯಾವ ವಿಷಯದಲ್ಲಿ? 235ನೇ ವಿಧಿ ಹೈಕೋರ್ಟಿಗೆ ಕೊಟ್ಟಿರುವುದು ಆಡಳಿತದ ಹಿಡಿತ: ನ್ಯಾಯಾಧೀಶರ ನಿಯುಕ್ತಿ, ಬಡ್ತಿ, ರಜೆ ಇತ್ಯಾದಿ. ಮೇಲಿನವರು ಹೇಳಿದ ಕಾನೂನಿಗೂ ಅವರು ಬದ್ಧರು. ಆದರೆ ಎದುರಿಗಿರುವ ಸಾಕ್ಷಿಗಳಲ್ಲಿ ಯಾರನ್ನು ನಂಬಬೇಕೆಂದು ಆಜ್ಞೆ ಮಾಡುವ ಅಧಿಕಾರ ಆ ವಿಧಿಯಲ್ಲಿಲ್ಲ.

ಹರಿಹರದ ಕೋರ್ಟಿಗೆ ಬರುವಂಥ ಪಾಲಿನ ದಾವೆಯೊಂದನ್ನು ನೆನೆಯಿರಿ. ಭದ್ರಾ ನಾಲೆಯ ನೀರುಣ್ಣುವ ಗದ್ದೆ, ಅದಕ್ಕಾಗಿ ಮಾತು ಬಿಟ್ಟ ಅಣ್ಣ ತಮ್ಮ. ಪಾಟಿ ಸವಾಲಿನಲ್ಲಿ ವಕೀಲರು ಹಳೆಯ ಪತ್ರ ತೋರಿಸಿ, ‘ಈ ಹೆಬ್ಬೆಟ್ಟು ನಿಮ್ಮ ತಂದೆಯವರದ್ದೇ ಏನ್ರಿ?’ ಎಂದು ಕೇಳುತ್ತಾರೆ. ಅಣ್ಣ ಬಾಯಿ ತೆರೆಯುವ ಮೊದಲು ತಮ್ಮನ ಕಡೆ ನೋಡುತ್ತಾನೆ, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಳ್ಳುತ್ತಾನೆ. ನಡೆನುಡಿಯ ಇಂಥ ವಿವರವನ್ನು ನ್ಯಾಯಾಧೀಶರು ಬರೆದಿಟ್ಟುಕೊಳ್ಳಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ಹೇಳುತ್ತದೆ. ಅಪೀಲಿನಲ್ಲಿ ಬೆಂಗಳೂರು ತಲುಪುವುದು ಕಡತ, ಅಣ್ಣನ ಮುಖವಲ್ಲ.

ಅದೇ ಸಂಹಿತೆಯ 100ನೇ ಕಲಮಿನಂತೆ ಎರಡನೇ ಅಪೀಲಿನಲ್ಲಿ ಹೈಕೋರ್ಟು ನೋಡುವುದು ಕಾನೂನಿನ ಗಣನೀಯ ಪ್ರಶ್ನೆಯನ್ನು. ಹೆಬ್ಬೆಟ್ಟು ಯಾರದು, ಗದ್ದೆ ಉಳುತ್ತಿದ್ದವರು ಯಾರು ಎಂಬ ಸಂಗತಿಗಳು ಸಾಮಾನ್ಯವಾಗಿ ಅಷ್ಟರೊಳಗೇ ತೀರ್ಮಾನವಾಗಿರುತ್ತವೆ. ಬಡವರ ಮಟ್ಟಿಗಂತೂ ಬಹುಪಾಲು ನ್ಯಾಯ ಊರಿನ ಕೋರ್ಟಿನಲ್ಲೇ ಮುಗಿಯುತ್ತದೆ. ಅದನ್ನು ಕೀಳಾಗಿ ಕರೆದರೆ ಅಲ್ಲಿಗೆ ಹೋಗುವ ಜನರ ಅಹವಾಲನ್ನೂ ಕೀಳು ಮಾಡಿದಂತೆ.

ಸುಪ್ರೀಂ ಕೋರ್ಟಿಗೂ ಇದು ಹೊಳೆದಿದೆ. 2024ರ ಫೆಬ್ರವರಿ 8ರಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠವು, ವಿಚಾರಣಾ ನ್ಯಾಯಾಲಯಗಳನ್ನು ‘ಲೋಯರ್’ ಎನ್ನುವುದನ್ನು ರಿಜಿಸ್ಟ್ರಿ ನಿಲ್ಲಿಸಬೇಕು, ಅಲ್ಲಿನ ಕಡತವನ್ನೂ ‘ಟ್ರಯಲ್ ಕೋರ್ಟ್ ರೆಕಾರ್ಡ್’ ಎಂದೇ ಕರೆಯಬೇಕು ಎಂದಿತು. ಅದೇ ವರ್ಷ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಜಿಲ್ಲಾ ನ್ಯಾಯಾಂಗವನ್ನು ‘ಸಬಾರ್ಡಿನೇಟ್’ ಎನ್ನುವುದು ಬೇಡವೆಂದರು. ಸಂವಿಧಾನದ ಆ ಅಧ್ಯಾಯದ ಹೆಸರು ಬದಲಾಗಲು ಸಂಸತ್ತೇ ತಿದ್ದುಪಡಿ ತರಬೇಕು. ನಮ್ಮ ಪತ್ರಿಕೆಗಳು ‘ಕೆಳ ನ್ಯಾಯಾಲಯ’ ಬಿಟ್ಟು ‘ವಿಚಾರಣಾ ನ್ಯಾಯಾಲಯ’ ಎಂದು ನಾಳೆಯಿಂದಲೇ ಬರೆಯಬಹುದು.