ಒಲೆಯ ಹೊಗೆ ರಕ್ತಕ್ಕಿಳಿಯುವ ಬಗೆ

ಸೌದೆ, ಬೆರಣಿಗಳು ಪೂರ್ತಿ ಉರಿಯದೆ ಹೊಗೆಯಾಡಿದಾಗ ಹೊರಬೀಳುವ ಕಣಗಳಲ್ಲಿ ದೊಡ್ಡವು ಅಡುಗೆಮನೆಯ ಜಂತಿಗೆ ಮಸಿಯಾಗಿ ಅಂಟುತ್ತವೆ ಇಲ್ಲವೇ ಮೂಗಿನ ರೋಮ, ಲೋಳೆಗಳಲ್ಲಿ ಸಿಕ್ಕಿಬೀಳುತ್ತವೆ. ಆದರೆ ಪಿಎಂ 2.5, ಅಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕೂ ಕಡಿಮೆ ವ್ಯಾಸದ ಕಣಗಳು, ಆ ತಡೆಗಳನ್ನು ದಾಟಿ, ಆಮ್ಲಜನಕವು ರಕ್ತವನ್ನು ಸೇರುವ ಪುಟ್ಟ ಚೀಲಗಳಾದ ವಾಯುಕೋಶಗಳನ್ನೇ ತಲುಪುತ್ತವೆ. ಅವನ್ನು ನುಂಗಲು ಧಾವಿಸುವ ರಕ್ಷಕ ಜೀವಕೋಶಗಳು ಸ್ರವಿಸುವ ರಾಸಾಯನಿಕಗಳಿಂದ ಉರಿಯೂತ, ಎಂದರೆ ಅಂಗಾಂಶದ ಕೆರಳಿಕೆ, ಉಂಟಾಗುತ್ತದೆ. ಇದು ವರ್ಷಗಟ್ಟಲೆ ಮುಂದುವರಿದರೆ ಶ್ವಾಸನಾಳಗಳು ಕಿರಿದಾಗಿ ಸಿಒಪಿಡಿ ಎಂಬ ದೀರ್ಘಕಾಲೀನ ಉಸಿರಾಟದ ಕಾಯಿಲೆ ತಲೆದೋರಬಹುದು, ಅತಿಸೂಕ್ಷ್ಮ ಕಣಗಳು ರಕ್ತಕ್ಕೂ ಇಳಿದು ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನು ಹೆಚ್ಚಿಸುತ್ತವೆ. ಬೀಡಿಯನ್ನೇ ಮುಟ್ಟದ ಗೃಹಿಣಿಗೆ ಸಿಒಪಿಡಿ ಕಾಣಿಸಿಕೊಂಡರೆ, ಮೊದಲು ವಿಚಾರಿಸಬೇಕಾದದ್ದು ಅವಳ ಒಲೆಯನ್ನು, ಆ ಒಲೆಯ ಮೇಲೊಂದು ಹೊಗೆಗೂಡು ಇದೆಯೇ ಎಂಬುದನ್ನು.