ಮೋಟಾರಿನ ದನಿ ಬದಲಾದಾಗ

ಹುನಗುಂದದ ಕಡೆ ಬೋರ್‌ವೆಲ್ ಇರುವ ರೈತ ಸ್ಟಾರ್ಟರ್ ಒತ್ತಿದವನೇ ಆಂಪಿಯರ್ ಮುಳ್ಳಿನತ್ತ ಕಣ್ಣು ಹಾಯಿಸುತ್ತಾನೆ. ನೀರು ಬತ್ತಿದ್ದರೆ ಮುಳ್ಳು ಇಳಿಯುತ್ತದೆ. ಪಂಪಿನೊಳಗೆ ಮರಳು ಸಿಕ್ಕಿಕೊಂಡಿದ್ದರೆ ಏರುತ್ತದೆ. ‘ಮೋಟಾರಿನ ಆವಾಜ್ ಬ್ಯಾರೆ ಆಗೇತಿ’ ಎಂದು ಕಿವಿಯೇ ಮೊದಲು ಹೇಳುವುದೂ ಉಂಟು. ಸೋತ ಹೃದಯಕ್ಕೆ ನೆರವಾಗಲು ಎದೆಯೊಳಗೆ ಜೋಡಿಸುವ ಪಂಪಿನಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಹಿಡಿಯಲು ವೈದ್ಯರು ಕಲಿತದ್ದೂ ಹೆಚ್ಚುಕಡಿಮೆ ಇದೇ ವಿದ್ಯೆ.

ಆ ಪಂಪಿನ ಬೇರು ಇರುವುದೂ ನೀರಾವರಿಯಲ್ಲೇ. 1976ರಲ್ಲಿ ಈಜಿಪ್ಟಿಗೆ ಹೋಗಿದ್ದ ಅಮೆರಿಕದ ವೈದ್ಯ ರಿಚರ್ಡ್ ವಾಂಪ್ಲರ್, ಹಳ್ಳಿಗರು ಆರ್ಕಿಮಿಡೀಸನ ತಿರುಪು ತಿರುವಿ ನೀರೆತ್ತುವುದನ್ನು ಕಂಡರು. ರಕ್ತವನ್ನೂ ಹೀಗೇ ಎತ್ತಬಹುದಲ್ಲ! ಅವರ ಹೀಮೋಪಂಪ್ 1988ರಲ್ಲಿ ಮನುಷ್ಯನ ಮೈಯೊಳಗೆ ತಿರುಗಿತು. ಅದೇ ಜಾಡಿನಲ್ಲಿ ಹಾರ್ಟ್‌ಮೇಟ್ 2 ಬಂತು. ಎಡ ಹೃತ್ಕುಕ್ಷಿಯ ರಕ್ತವನ್ನು ಸೆಳೆದು ಮಹಾಪಧಮನಿಗೆ ತಳ್ಳುವ ಇದು ನಿಮಿಷಕ್ಕೆ ಸುಮಾರು 9,000 ಸುತ್ತು ಹಾಕುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ಲಬ್-ಡಬ್ ಅಡಗಿ ಗುಂಯ್ ಎನ್ನುವ ಸದ್ದು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲೇ ರೋಗಿಯೊಬ್ಬರಿಗೆ ಆಸ್ಟ್ರೇಲಿಯಾದ ವೆಂಟ್ರ್‌ಅಸಿಸ್ಟ್ ಎಂಬ ತಿರುಗುವ ಪಂಪನ್ನು ಜೋಡಿಸಿದ್ದರು.

ಆದರೆ ರಕ್ತ ನೀರಲ್ಲ. ಲೋಹ ಸೋಕಿದರೆ, ಎಲ್ಲಾದರೂ ನಿಧಾನವಾದರೆ ಹೆಪ್ಪುಗಟ್ಟುತ್ತದೆ. ಅದಕ್ಕೇ ವಾರ್ಫರಿನ್, ಆಸ್ಪಿರಿನ್ ಮಾತ್ರೆ. ಅವುಗಳ ಕಾವಲಿದ್ದೂ, ಹಾರ್ಟ್‌ಮೇಟ್ 2 ಅಳವಡಿಸಿದ 3 ತಿಂಗಳೊಳಗೆ ಹೆಪ್ಪುಗಟ್ಟುವ ಪ್ರಮಾಣ ಶೇ 2.2ರಿಂದ ಶೇ 8.4ಕ್ಕೆ ಏರಿದೆ ಎಂದು 2014ರಲ್ಲಿ ಅಮೆರಿಕದ ಮೂರು ಆಸ್ಪತ್ರೆಗಳ ವೈದ್ಯರು ಎಚ್ಚರಿಸಿದರು.

ಹೆಪ್ಪು ಸುಳಿವು ಕೊಡದೆ ಇರುವುದಿಲ್ಲ. ಇಕ್ಕಟ್ಟಿನಲ್ಲಿ ನುಗ್ಗುವ ಕೆಂಪು ಕಣಗಳು ಒಡೆದು ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಒಡೆದ ಕಣಗಳಿಂದ ಹೊರಬೀಳುವ ಎಲ್‌ಡಿಎಚ್ ಎಂಬ ಕಿಣ್ವ ರಕ್ತದಲ್ಲಿ ಏರುತ್ತದೆ. ತಿರುಗುವ ಭಾಗಕ್ಕೇ ಹೆಪ್ಪು ಅಂಟಿದರೆ ಪಂಪು ಹೆಚ್ಚು ಕರೆಂಟು ಎಳೆಯುತ್ತದೆ. ಮೋಸ ಇರುವುದು ಇಲ್ಲಿಯೇ: ರಕ್ತ ಎಷ್ಟು ಹರಿಯಿತೆಂದು ಯಂತ್ರ ಲೆಕ್ಕ ಹಾಕುವುದು ಕರೆಂಟಿನಿಂದ. ಹರಿವು ಕುಗ್ಗಿದ್ದರೂ ಪರದೆಯ ಮೇಲಿನ ಅಂಕಿ ಹಿಗ್ಗುತ್ತದೆ.

ಹಾಗಾಗಿ ವೈದ್ಯರು ಅಂಕಿಯೊಂದನ್ನೇ ನಂಬುವುದನ್ನು ಬಿಟ್ಟರು. ಪಂಪಿನ ವೇಗವನ್ನು ಹಂತಹಂತವಾಗಿ ಏರಿಸುತ್ತ ಎಕೋ ಸ್ಕ್ಯಾನಿನಲ್ಲಿ ಹೃದಯ ನೋಡಿದರು. ವೇಗ ಏರಿದರೂ ಎಡ ಹೃತ್ಕುಕ್ಷಿ ಕಿರಿದಾಗದಿದ್ದರೆ ದಾರಿಯಲ್ಲಿ ಏನೋ ಅಡ್ಡಬಿದ್ದಿದೆ ಎಂದರ್ಥ. ಬರ್ಲಿನ್ನಿನ ಸಂಶೋಧಕರು ಪಂಪಿನ ಸದ್ದನ್ನೇ ಧ್ವನಿಮುದ್ರಿಸಿದರು. ಹೆಪ್ಪುಗಟ್ಟಿದ ಪಂಪುಗಳಲ್ಲಿ, ತಿರುಗುವ ವೇಗದ ಮೂರು ಪಟ್ಟು ಆವರ್ತನದ ಹೊಸ ಸ್ವರವೊಂದು ಕೇಳಿಸಿತು.

ಮುಂದೆ ಬಂದ ಹಾರ್ಟ್‌ಮೇಟ್ 3ರಲ್ಲಿ ಬೇರಿಂಗೇ ಇಲ್ಲ; ಚಕ್ರ ಕಾಂತಬಲದಲ್ಲಿ ತೇಲುತ್ತದೆ. ಒಳಗೆ ರಕ್ತ ನಿಲ್ಲದಂತೆ 2 ಸೆಕೆಂಡಿಗೊಮ್ಮೆ ವೇಗ ಇಳಿದು ಏರುತ್ತದೆ. 2019ರ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಪಂಪು ಹೆಪ್ಪುಗಟ್ಟಿದ್ದು ಶೇ 1.4, ಹಳೆಯದರಲ್ಲಿ ಶೇ 13.9.

ಆದರೂ ಪಂಪು ಹೊತ್ತವರು ದಿನಾ ಪುಸ್ತಕದಲ್ಲಿ ವೇಗ, ಹರಿವು, ವ್ಯಾಟ್ ಬರೆದಿಡುತ್ತಾರೆ. ಹಾರ್ಟ್‌ಮೇಟ್ 2ರಲ್ಲಿ ವ್ಯಾಟ್ 10 ದಾಟಿ ಅಲ್ಲೇ ನಿಂತಿತೋ, ಆ ದಿನ ಬರೆದಿಟ್ಟು ಸುಮ್ಮನಿರುವಂತಿಲ್ಲ. ಆಸ್ಪತ್ರೆಗೆ ಫೋನು ಹೋಗಬೇಕು.