ಕುರಿಂಜಿಗೂ ಶಾರ್ಕಿಗೂ ಏನು ನಂಟು?

ಪ್ರಶ್ನೆ: ಗುಡ್ಡದ ನೀಲಕುರಿಂಜಿಯನ್ನೂ ಕಡಲಿನ ತಿಮಿಂಗಿಲ ಶಾರ್ಕನ್ನೂ ಹೋಲಿಸಬಹುದೇ?

ಉತ್ತರ: ಖಂಡಿತ. ಎರಡಕ್ಕೂ ಅವಸರವೆಂಬುದೇ ಇಲ್ಲ!

ನೀಲಕುರಿಂಜಿ ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲಿನ ಪೊದೆ. 12 ವರ್ಷ ಸುಮ್ಮನೆ ಬೆಳೆದು, ಒಮ್ಮೆಲೇ ಗುಡ್ಡ ತುಂಬ ನೇರಳೆ-ನೀಲಿ ಗಂಟೆಗಳಂಥ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಮುನ್ನಾರ್ ಬಳಿ 2006ರಲ್ಲಿ ಅರಳಿದ್ದು ಮತ್ತೆ ಅರಳಿದ್ದು 2018ರಲ್ಲಿ.

ತಿಮಿಂಗಿಲ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. ಬೆನ್ನ ಮೇಲೆ ರಂಗೋಲಿ ಇಟ್ಟಂತೆ ಬಿಳಿ ಚುಕ್ಕೆಗಳು. ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ಪ್ರಾಯಕ್ಕೆ ಬರಲು ದಶಕಗಳೇ ಬೇಕು. ಆದರೆ ಮರಿಗಳಿಗೆ ಬರವಿಲ್ಲ: 1995ರಲ್ಲಿ ತೈವಾನ್ ಬಳಿ ಸಿಕ್ಕ ಹೆಣ್ಣಿನ ಹೊಟ್ಟೆಯಲ್ಲಿ ಸುಮಾರು 300 ಭ್ರೂಣಗಳಿದ್ದವು.

ಈ ನಿಧಾನವೇ ಇಬ್ಬರಿಗೂ ಕುತ್ತು. ಹೂ ಬಿಡುವ ಮೊದಲೇ ಗುಡ್ಡಕ್ಕೆ ಬೆಂಕಿ ಬಿದ್ದರೆ ಬೀಜವಿಲ್ಲ. ಪ್ರಾಯಕ್ಕೆ ಮುಂಚೆ ಬಲೆಗೆ ಬಿದ್ದರೆ ಮರಿಯಿಲ್ಲ.

ಗುಜರಾತ್ ಕರಾವಳಿಯಲ್ಲಿ ದೋಣಿಗೆ ಬಳಿಯುವ ಎಣ್ಣೆಗಾಗಿ ಈ ಶಾರ್ಕನ್ನು ಬೇಟೆಯಾಡುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಅಲ್ಲಿನ ಮೀನುಗಾರರೇ ಬಲೆ ಕತ್ತರಿಸಿ ಅದನ್ನು ಕಡಲಿಗೆ ಬಿಡುತ್ತಾರೆ.